ಲಾರಿಯಲ್ಲಿ ಬಂದ ಮನೆಗೆ ಸಾಲ

ನಮ್ಮ ಆಫೀಸು ದೋಹಾದ ಅಲ್ ಸದ್ದ್‌ನಲ್ಲಿ, ನಾಲ್ಕನೇ ಮಹಡಿ. ಇವತ್ತು ಬೆಳಿಗ್ಗೆ ಕರಕ್ ಚಾ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದೆ. ಎದುರಿನ ಖಾಲಿ ಜಾಗದಲ್ಲಿ ಕ್ರೇನೊಂದು ಪೋರ್ಟಾ ಕ್ಯಾಬಿನ್ ಎನ್ನುವ ಬಿಳಿಯ ಸಿದ್ಧ ಕೋಣೆಯನ್ನು ಎತ್ತಿ, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೆಲ್ಲಗೆ ಇಳಿಸುತ್ತಿತ್ತು. ನನಗೆ ನಗು ಉಕ್ಕಿಬಂತು. ಒಬ್ಬಳೇ ನಿಂತು ನಕ್ಕರೆ ಜನ ಏನೆಂದುಕೊಂಡಾರು ಎಂದು ಲೋಟವನ್ನು ಮುಖಕ್ಕೆ ಅಡ್ಡ ಹಿಡಿದೆ. ನಿಮ್ಮ ಅಡಿಗೆಮನೆ ಗಾಳಿಯಲ್ಲಿ ತೂಗಾಡಿದ್ದನ್ನು ನೀವು ಕಂಡಿದ್ದರೆ ನೀವೂ ನಗುತ್ತಿದ್ದಿರಿ.

ಮೈಸೂರಿನ ಹೊರಗೆ ನನ್ನ ಹೆಸರಿನಲ್ಲಿ ಒಂದು ಮೂವತ್ತು-ನಲವತ್ತರ ಸೈಟಿದೆ. ಅದರ ಮೇಲೆ ನನ್ನದೇ ಹೆಸರಿನ ಮನೆಯೊಂದು ಏಳಬೇಕು ಎನ್ನುವುದು ನನ್ನ ಹುಚ್ಚಾಗಿತ್ತು. ಹುಟ್ಟಿದ್ದು ಅಪ್ಪನ ಮನೆಯಲ್ಲಿ, ಮದುವೆಯಾಗಿ ಹೋದದ್ದು ಮಾವನವರ ಮನೆಗೆ, ಈಗಿರುವುದು ಇಲ್ಲಿನ ಬಿನ್ ಮಹಮೂದ್ ಬಡಾವಣೆಯ ಬಾಡಿಗೆ ಫ್ಲಾಟಿನಲ್ಲಿ. ಇಲ್ಲಿ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಕಟ್ಟಡದ ಕಾವಲುಗಾರನ ಅಪ್ಪಣೆ ಬೇಕು. ಹಾಗೆಂದು ದೋಹಾದಲ್ಲಿ ಕೂತು ಮೈಸೂರಿನಲ್ಲಿ ಮನೆ ಕಟ್ಟಿಸುವುದು ಹೇಗೆ? ವರ್ಷಕ್ಕೆ ಮೂವತ್ತು ದಿನ ಊರಿಗೆ ಹೋಗುತ್ತೇನೆ. ಆ ಮೂವತ್ತು ದಿನದಲ್ಲಿ ಮೇಸ್ತ್ರಿಯ ಫೋನು ಸಿಕ್ಕಿದರೆ ಅದೇ ಪುಣ್ಯ.

ಹೋದ ವರ್ಷ ತಲೆ ಕೆಡಿಸಿದವನು ಲಾರೆನ್ಸ್. ಉಡುಪಿಯ ಕಡೆಯವನು, ನಮ್ಮ ಖರೀದಿ ವಿಭಾಗದಲ್ಲಿದ್ದಾನೆ. ಎದುರಿಗೆ ಇಳಿಯುತ್ತಿತ್ತಲ್ಲ, ಅಂಥ ಕ್ಯಾಬಿನ್ನುಗಳನ್ನು ಕೊಳ್ಳುವುದೇ ಅವನ ಕೆಲಸ.

"ನೀವು ಎಂತ ಅಕ್ಕ, ಇಟ್ಟಿಗೆ ಇಟ್ಟಿಗೆ ಅಂತ ಸಾಯ್ತೀರಿ? ಊರಲ್ಲೂ ಈಗ ಫ್ಯಾಕ್ಟರಿಯಲ್ಲೇ ಮನೆ ಮಾಡಿ ಕೊಡ್ತಾರೆ ಮಾರಾಯ್ರೆ. ಲಾರಿಯಲ್ಲಿ ಬರ್ತದೆ, ಕ್ರೇನಲ್ಲಿ ಇಳಿಸ್ತಾರೆ, ಖಲಾಸ್!"

ಬೆಂಗಳೂರಿನಾಚೆಯ ಒಂದು ಫ್ಯಾಕ್ಟರಿಗೆ ಕೂಡಿಟ್ಟದ್ದನ್ನೆಲ್ಲ ಮುಂಗಡವಾಗಿ ಕಳಿಸಿದೆ. ಮೂರು ತಿಂಗಳೊಳಗೆ ಉಳಿದ ಹಣ ಬರದಿದ್ದರೆ ಮುಂಗಡ ವಾಪಸಿಲ್ಲ ಎಂದು ಕರಾರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಊರವರ ಕರಾರಿನ ಸಣ್ಣ ಅಕ್ಷರ ಓದಿ ಸಂಬಳ ತೆಗೆದುಕೊಳ್ಳುವ ಅಕೌಂಟೆಂಟ್ ನಾನು. ನನ್ನದೇ ಕರಾರಿನಲ್ಲಿ ಬಣ್ಣದ ಚಿತ್ರಗಳನ್ನಷ್ಟೇ ನೋಡಿದ್ದೆ.

ಉಳಿದ ಹಣಕ್ಕೆ ಮೈಸೂರಿನ ಬ್ಯಾಂಕೊಂದರಲ್ಲಿ ಗೃಹಸಾಲಕ್ಕೆ ಅರ್ಜಿ ಹಾಕಿದೆ. ಮ್ಯಾನೇಜರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಯಜಮಾನ್ರೇ ತಾನೇ ಮೇಡಂ ಮೊದಲನೇ ಅರ್ಜಿದಾರರು?"

"ಅಲ್ಲ ಸಾರ್. ನಾನೊಬ್ಬಳೇ."

ಆ ಕಡೆ ಕೆಮ್ಮಿದರು. "ಆಗ್ಲಿ. ತಳಪಾಯಕ್ಕೆ ಒಂದು ಕಂತು, ಲಿಂಟಲ್ ಆದ್ಮೇಲೆ ಒಂದು, ಮೋಲ್ಡ್ ಹಾಕಿದ್ಮೇಲೆ ಒಂದು, ಫಿನಿಷಿಂಗ್‌ಗೆ ಕೊನೇದು. ಫೋಟೋ ಕಳಿಸ್ತಾ ಇರಿ."

ತಳಪಾಯದವರೆಗೆ ಎಲ್ಲ ಸಲೀಸಾಗಿ ನಡೆಯಿತು. ಆಮೇಲೆ ಬಾಗಿಲು ಕಿಟಕಿಗಳ ಮೇಲೆ ಹಾಯುವ ಆ ಕಾಂಕ್ರೀಟ್ ಪಟ್ಟಿ, ಲಿಂಟಲ್, ನನ್ನ ಪ್ರಾಣ ಹಿಂಡಿತು.

"ಸಾರ್, ನಮ್ಮನೆಗೆ ಲಿಂಟಲ್ಲೇ ಇಲ್ಲ. ಮನೆ ಪೂರ್ತಿ ರೆಡಿಯಾಗೇ ಬರುತ್ತೆ. ಮೂರು ತುಂಡು, ಮೂರು ಲಾರೀಲಿ."

"ಲಾರೀಲಿ ಬಂದಿದ್ದು ಲಾರೀಲೇ ಹೊರಟುಹೋದ್ರೆ ನಾನೇನನ್ನ ಜಪ್ತಿ ಮಾಡ್ಲಿ ಮೇಡಂ?"

ಪಾಪ, ಅವರ ಚಿಂತೆ ಸುಳ್ಳಲ್ಲ. ಮನೆ ಬರದೆ ಹಣವಿಲ್ಲ ಎಂದು ಬ್ಯಾಂಕು, ಹಣ ಬರದೆ ಮನೆಯಿಲ್ಲ ಎಂದು ಫ್ಯಾಕ್ಟರಿ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ನೋಡನೋಡುತ್ತ ಎರಡು ತಿಂಗಳು ಕಳೆದವು. ನನಗೆ ಅನ್ನ ಸೇರದಾಯಿತು. ಸಾಲ ಸಿಗದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ, ಇನ್ನೊಂದು ಸಲ ಕೂಡಿಡುವ ವಯಸ್ಸೂ ಇಲ್ಲ.

ದಾರಿ ತೋರಿಸಿದವನೂ ಲಾರೆನ್ಸೇ. "ಲಾರಿ ಮೂರು ಉಂಟಲ್ಲ ಅಕ್ಕ? ಮುಂಗಡದ ಮೇಲೆ ಮೊದಲಿನದ್ದು ಬರ್ಲಿ. ಅದು ಬಂದ ಕೂಡ್ಲೇ ಬ್ಯಾಂಕಿನವರು ಒಂದು ಕಂತು ಕೊಡ್ಲಿ, ಆಗ ಮುಂದಿನದ್ದು ಹೊರಡ್ಲಿ. ನಾವು ಇಲ್ಲಿ ಮಾಡುದು ಹಾಗೇ."

ಫ್ಯಾಕ್ಟರಿಯವರು ಒಪ್ಪಿದರು. ಮ್ಯಾನೇಜರು ಮೇಲಿನವರನ್ನು ಕೇಳಿ ಬಂದು ಹೇಳಿದರು, "ಫಾರಮ್ಮಲ್ಲಿ ಲಾರಿ ಅನ್ನೋ ಕಾಲಮ್ಮಿಲ್ಲ ಮೇಡಂ. ಮೊದಲನೇ ಲಾರಿ ಲಿಂಟಲ್, ಎರಡನೇದು ಮೋಲ್ಡ್, ಮೂರನೇದು ಫಿನಿಷಿಂಗ್ ಅಂತ ಬರ್ಕೋತೀನಿ. ಆದ್ರೆ ಮನೇನ ಸೈಟಿಂದ ಕದಲಿಸಲ್ಲ ಅಂತ ಒಂದು ಅಫಿಡವಿಟ್ ಬೇಕು."

ಬ್ಯಾಂಕಿನ ವಕೀಲರು ಅದರ ಕರಡು ಕಳಿಸಿದರು: ಸದರಿ ಮನೆಯನ್ನು ಲಾರಿ, ಟ್ರಾಕ್ಟರ್, ಕ್ರೇನ್ ಅಥವಾ ಇತರ ಯಾವುದೇ ವಾಹನದಿಂದ ಸಾಗಿಸತಕ್ಕದ್ದಲ್ಲ. ನನ್ನವರು ಅದನ್ನು ಗಟ್ಟಿಯಾಗಿ ಓದಿ ಸೋಫಾದ ಮೇಲೆ ಉರುಳಿದರು. "ಹಡಗು ಬಿಟ್ಟುಬಿಟ್ಟಿದಾರೆ ಕಣೇ! ಹಡಗಲ್ಲಿ ತಗೊಂಡ್ ಬಂದ್ಬಿಡೋಣ." ರಾಯಭಾರ ಕಚೇರಿಯಲ್ಲಿ ಆ ಕಾಗದಕ್ಕೆ ಸಹಿ ಹಾಕುವಾಗ ಹಡಗು ನೆನಪಾಗಿ ನಗು ಬಂದು, ನನ್ನ ಸಹಿಗೆ ಬಾಲ ಬಂತು.

ಮೊದಲ ಲಾರಿ ಬಂದ ದಿನ ಫ್ಯಾಕ್ಟರಿಯ ಸೂಪರ್‌ವೈಸರ್ ವಿಡಿಯೋ ಕಾಲ್ ಮಾಡಿದ. ಕ್ರೇನಿನ ಕೊಕ್ಕೆಗೆ ನನ್ನ ಅಡಿಗೆಮನೆ, ಬಚ್ಚಲು ನೇತಾಡುತ್ತಿದ್ದವು. ಸಿಂಕು, ನಲ್ಲಿ, ಕಿಟಕಿಗೆ ಅಂಟಿಸಿದ್ದ ಪ್ಲಾಸ್ಟಿಕ್ಕು, ಎಲ್ಲ ಆಕಾಶದಲ್ಲಿ! "ಮೆಲ್ಲಗೆ, ಮೆಲ್ಲಗೆ!" ಎಂದು ದೋಹಾದಿಂದ ಕೂಗಿದೆ. ನಮ್ಮ ಈಜಿಪ್ಟಿನ ಸಾಹೇಬರು ಗಾಬರಿಯಾಗಿ ಓಡಿಬಂದರು. ನನ್ನ ಅಡಿಗೆಮನೆ ಹಾರುತ್ತಿದೆ ಎಂದು ಅವರಿಗೆ ಹೇಗೆ ವಿವರಿಸಿದೆನೋ, ಫೋನಿಗೆ ಇಣುಕಿ ನೋಡಿ, "ಮಬ್ರೂಕ್, ಮಬ್ರೂಕ್" ಎಂದು ಅಭಿನಂದಿಸಿ ಚಪ್ಪಾಳೆ ತಟ್ಟಿದರು. ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಅದು ಬರೀ ಲಿಂಟಲ್.

ಗಡುವಿಗೆ ಆರು ದಿನ ಇರುವಾಗ ಮೂರನೇ ಲಾರಿ ಬಂತು. ಕೊನೆಯ ತಪಾಸಣೆಗೆ ಮ್ಯಾನೇಜರೇ ಹೋದರು. ನನಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಕಾಂಪೌಂಡಿನ ಮೇಲೆ ಒರಗಿಸಿ, ಅಂಗಿಯ ತೋಳು ಮಡಚಿ, ಎರಡೂ ಕೈಯಿಂದ ಗೋಡೆಯನ್ನು ನೂಕಿದರು. ಭುಜ ಕೊಟ್ಟು ಇನ್ನೊಮ್ಮೆ ನೂಕಿದರು. ಬೆವರು ಒರೆಸಿಕೊಂಡು ಫೋನಿನ ಹತ್ತಿರ ಬಂದರು.

"ಅಲ್ಲಾಡಲ್ಲ ಮೇಡಂ. ಫಿನಿಷಿಂಗ್ ಅಂತ ಬರ್ಕೋತೀನಿ."

ನಾನು ನಗುತ್ತಲೇ ಅತ್ತೆ.

ಆ ವರ್ಷದ ರಜೆ ಅಷ್ಟರಲ್ಲಿ ಮುಗಿದುಹೋಗಿತ್ತು. ಹಾಗಾಗಿ ಆ ಮನೆಗೆ ನಾನಿನ್ನೂ ಕಾಲಿಟ್ಟಿಲ್ಲ. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಊರಿಗೆ ಹೋಗುತ್ತಿದೆ.

ಕಿಟಕಿಯಿಂದ ಮೇಜಿಗೆ ಮರಳಿದೆ. ಈ ವರ್ಷದ ರಜೆಯ ಅರ್ಜಿ ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತಿತ್ತು. ರಜೆಯಲ್ಲಿರುವಾಗ ನಿಮ್ಮ ವಿಳಾಸ ಎಂಬ ಕಾಲಮ್ಮಿನಲ್ಲಿ ಹಿಂದಿನ ಸಲದ್ದೇ ತಾನಾಗಿ ಬಂದು ಕೂತಿತ್ತು: ಕೇರ್ ಆಫ್, ಅಣ್ಣನ ಹೆಸರು. ಅದಕ್ಕೂ ಮೊದಲು ಎಷ್ಟೋ ವರ್ಷ ಕೇರ್ ಆಫ್ ಅಪ್ಪ. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪೂರ್ತಿ ಅಳಿಸಿದೆ. ನನ್ನ ಹೆಸರು ಬರೆದು, ಅದರ ಕೆಳಗೆ ಮನೆಯ ನಂಬರು ಹಾಕಿ, ಕಳಿಸಿದೆ.