ಓವನ್ ಡಾಕ್ಟ್ರ ಮನೆಯ ಆಲೂಗಡ್ಡೆ

ಊರಿನ ಬೇಕರಿಗಳಲ್ಲೂ ಹೋಟೆಲುಗಳ ಅಡುಗೆಮನೆಗಳಲ್ಲೂ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಓವನ್ ಡಾಕ್ಟ್ರು’ ಅಂದರೆ ಸಾಕಾಗಿತ್ತು. ಎಲ್ಲೋ ಓವನ್ ಕೈಕೊಟ್ಟಿದೆ ಎಂದು ಫೋನು ಬಂದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುವ ಮನುಷ್ಯ. ಚೀಲ ಹೆಗಲಿಗೇರಿಸಿ ಹೋಗಿ, ಓವನ್ ಬಾಗಿಲು ತೆರೆದು, ಒಳಗೆಲ್ಲ ಕೈಯಾಡಿಸಿ, ನಾಡಿ ಹಿಡಿದವರಂತೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಅವರು ಮುಟ್ಟಿದ ಓವನ್ ಸರಿಹೋಗದೆ ಇದ್ದದ್ದು ಅಪರೂಪ. ಮಾತಿನಲ್ಲೂ ಅಷ್ಟೇ ಗಟ್ಟಿಗರು. ನಾಲ್ಕು ಜನರನ್ನು ನಗಿಸದೆ ಯಾವ ಮನೆಯಿಂದಲೂ ಹೊರಟವರಲ್ಲ.

ಅವರು ನಗಿಸುತ್ತಿದ್ದ ಮಾತುಗಳಲ್ಲಿ ಹೆಂಡತಿ ಮಾಡುವ ಆಲೂಗಡ್ಡೆಯ ಮಾತೂ ಒಂದು.

ಹೆಂಡತಿ ಬೀದಿ ಕೊನೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ರಜೆಯ ದಿನ ಆಲೂಗಡ್ಡೆ ಹುರಿಯುವುದು ಅವರಿಗೆ ಪ್ರೀತಿಯ ಕೆಲಸ. ಸಿಪ್ಪೆ ತೆಗೆದು ದಪ್ಪ ದಪ್ಪ ಹೋಳು ಮಾಡಿ, ಉಪ್ಪುನೀರಲ್ಲಿ ಅರೆಬೇಯಿಸಿ, ನೀರು ಬಸಿದು, ಪಾತ್ರೆಗೆ ಮುಚ್ಚಳ ಹಾಕಿ ಗಡಗಡ ಅಲುಗಿಸುತ್ತಿದ್ದರು. ಹೋಳುಗಳ ಅಂಚು ತರಿತರಿಯಾಗಬೇಕು, ಗರಿಗರಿಯಾಗುವುದು ಆ ತರಿಯೇ. ಆಮೇಲೆ ತಟ್ಟೆಯಲ್ಲಿ ಕಾದ ಎಣ್ಣೆಗೆ ಹರಡಿ ಓವನ್ನಿಗೆ. ಜಜ್ಜಿದ ಬೆಳ್ಳುಳ್ಳಿ, ಕಿಟಕಿಯ ಕುಂಡದಿಂದ ಕಿತ್ತ ರೋಸ್‌ಮೇರಿ ಎಲೆ ಎರಡೂ ಕೊನೆಯಲ್ಲಿ, ಸೀಯದ ಹಾಗೆ. ಇಷ್ಟೆಲ್ಲ ಮಾಡಿದರೂ ಹೊರಗೆ ಬರುತ್ತಿದ್ದದ್ದು ಬಿಳಿಚಿಕೊಂಡ, ಮೆತ್ತಗಿನ ಹೋಳು.

“ರೀ, ಈ ಓವನ್ ಯಾಕೋ ಸರಿಯಾಗಿ ಕಾಯ್ತಿಲ್ಲ. ಒಂದ್ಸಲ ನೋಡ್ಬಾರ್ದಾ?”

“ನಾನೇ ಆರಿಸಿ ತಂದು, ನಾನೇ ಕೂರ್ಸಿರೋ ಓವನ್ ಕಣೇ ಅದು. ಓವನ್ ನೆಟ್ಟಗಿದೆ. ನಿನ್ನ ಕೈಗುಣ ನೋಡ್ಕೋ.”

ಪತ್ರಿಕೆಯಿಂದ ತಲೆ ಎತ್ತದೆ ಹೇಳಿದ ಮಾತು. ಬಾಗಿಲ ಸಂದಿಯಿಂದ ಬಿಸಿಗಾಳಿ ಹೊರಗೆ ಬರುವುದು ಆಕೆಯ ಕೈಗೆ ತಾಗುತ್ತಿತ್ತು. ಹಳೇ ಟವೆಲ್ ಮಡಿಸಿ ಸಂದಿಗೆ ತುರುಕಿ, ಬಾಗಿಲಿಗೆ ಒಂದು ಕುರ್ಚಿ ಒತ್ತಿ ನಿಲ್ಲಿಸತೊಡಗಿದರು. ಡಾಕ್ಟ್ರಿಗೆ ಅದೂ ತಮಾಷೆಯೇ. “ನಮ್ಮನೆ ಆಲೂಗಡ್ಡೆ ಎದ್ದು ಓಡಿಹೋಗತ್ತೆ ಅಂತ ಇವಳು ಕಾವಲು ಇಟ್ಟಿದ್ದಾಳೆ!” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಆಕೆಯ ತಮ್ಮನಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಕೆಯೂ ನಗುತ್ತಿದ್ದರು. ಒಮ್ಮೆ ಹೊಲಿಗೆ ಅಂಗಡಿಯ ಗೆಳತಿಯರು ಊಟಕ್ಕೆ ಬಂದಾಗ ಡಾಕ್ಟ್ರು, “ಹಲ್ಲಿಲ್ಲದವರು ಯಾರಾದ್ರೂ ಇದ್ದರೆ ಮೊದಲು ಬಡಿಸಮ್ಮ, ಅವರಿಗೇ ಅಂತ ಮಾಡಿರೋದು” ಎಂದುಬಿಟ್ಟರು. ಅಂದಿನಿಂದ ಆಕೆ ಬಂದವರಿಗೆ ಆಲೂಗಡ್ಡೆ ಹುರಿಯಲಿಲ್ಲ. ಓವನ್ ನೋಡಿ ಎಂದು ಕೇಳಲೂ ಇಲ್ಲ. ಆಕೆ ಕೇಳುವುದನ್ನು ನಿಲ್ಲಿಸಿದ್ದು ಡಾಕ್ಟ್ರ ಗಮನಕ್ಕೇ ಬರಲಿಲ್ಲ. ವರ್ಷಗಳು ಹಾಗೇ ಉರುಳಿದವು, ಮಗಳು ಮದುವೆಯಾಗಿ ಪಕ್ಕದ ಬಡಾವಣೆಗೆ ಹೋದಳು.

ಆಮೇಲೆ ಆಕೆಗೆ ಒಂದು ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಹೋಗುವಾಗ ಮೂಗಿನ ಶಕ್ತಿಯನ್ನು ಕೊಂಡೊಯ್ಯಿತು. ಒಂದು ಬೆಳಗ್ಗೆ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಕಪ್ಪಾಗಿ ಮನೆಯೆಲ್ಲ ಸೀದ ವಾಸನೆ ತುಂಬಿದರೂ ಆಕೆ ಬೆನ್ನು ಹಾಕಿಕೊಂಡು ತರಕಾರಿ ಹೆಚ್ಚುತ್ತಲೇ ಇದ್ದರು. ಡಾಕ್ಟ್ರು ಓಡಿಬಂದು ಒಲೆ ಆರಿಸಿದರು.

“ನಂಗೇನೂ ಗೊತ್ತಾಗ್ಲಿಲ್ಲ ಕಣ್ರೀ,” ಎಂದು ಆಕೆ ಅಲ್ಲೇ ಕುಸಿದು ಕೂತರು. “ಇನ್ನು ನಾನು ಅಡುಗೆ ಮಾಡಲ್ಲ.”

ವಾಸನೆ ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ವೈದ್ಯರು.

ಹಾಗೆ ಅಡುಗೆಮನೆ ಡಾಕ್ಟ್ರ ಪಾಲಿಗೆ ಬಂತು. ಅನ್ನ ಮುದ್ದೆಯಾಯಿತು, ಸಾರಿಗೆ ಉಪ್ಪು ಹೆಚ್ಚಾಯಿತು. ಹೇಗೋ ಕೈ ಕುದುರಿತು. ಒಂದು ರಜೆಯ ದಿನ, ಹೆಂಡತಿಗೆ ಇಷ್ಟವೆಂದು, ಆಲೂಗಡ್ಡೆಗೆ ಕೈಹಾಕಿದರು. ಆಕೆ ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಒಂದೊಂದನ್ನೂ ಹಾಗೇ ಮಾಡಿದರು. ಊಟಕ್ಕೆ ಬಂದಿದ್ದ ಮಗಳು ಒಂದು ಹೋಳು ಬಾಯಿಗಿಟ್ಟು, “ಅಪ್ಪಾ, ಥೇಟ್ ಅಮ್ಮ ಮಾಡಿದ ಹಾಗೇ ಇದೆ!” ಎಂದಳು.

ಅವಳು ಮೆಚ್ಚಿಯೇ ಹೇಳಿದ್ದು. ಡಾಕ್ಟ್ರು ತಟ್ಟೆ ನೋಡಿದರು. ಅದೇ ಬಿಳಿಚಿಕೊಂಡ ಬಣ್ಣ, ಅದೇ ಮೆತ್ತಗಿನ ಹೋಳು.

ಮಗಳು ಹೊರಟ ಮೇಲೆ, ಆಕೆ ಮಲಗಿದ್ದಾಗ, ಚೀಲದಿಂದ ಶಾಖ ಅಳೆಯುವ ಮೀಟರ್ ತೆಗೆದು ಓವನ್ನಿನೊಳಗಿಟ್ಟರು. ಗುಂಡಿಯನ್ನು ತುದಿಯವರೆಗೆ ತಿರುಗಿಸಿ ಕಾದರು. ಮುಳ್ಳು ಅರ್ಧ ದಾರಿಯಲ್ಲೇ ನಿಂತಿತು. ಬಾಗಿಲ ರಬ್ಬರು ಒಂದು ಬದಿಯಲ್ಲಿ ಕಲ್ಲಾಗಿ ಬಿರುಕು ಬಿಟ್ಟಿತ್ತು. ಅಂಥದೇ ಹೊಸ ರಬ್ಬರು ಅವರ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಎಷ್ಟು ಮನೆಗಳಿಗೆ ಹಾಕಿಕೊಟ್ಟಿದ್ದರೋ. ರಬ್ಬರು, ಶಾಖವನ್ನು ಹತೋಟಿಯಲ್ಲಿಡುವ ಸಣ್ಣ ಭಾಗ, ಎರಡನ್ನೂ ಬದಲಿಸಿದರು. ಕಾಫಿ ಆರುವಷ್ಟು ಹೊತ್ತಿನ ಕೆಲಸ.

ಮರುದಿನದ ಹೋಳುಗಳು ಹೊಂಬಣ್ಣಕ್ಕೆ ತಿರುಗಿದ್ದವು. ಆಕೆ ಒಂದನ್ನು ಕಚ್ಚಿದರು. ಕರುಂ ಎಂದಿತು.

“ಸದ್ದು ಚೆನ್ನಾಗಿದೆ,” ಎಂದರು. “ರುಚಿ ನೀವೇ ಹೇಳ್ಬೇಕು.”

“ಓವನ್ ಕೆಟ್ಟಿತ್ತು ಕಣೇ. ನೀನು ಹೇಳಿದ್ದೇ ನಿಜ.”

ಆಕೆ ಅಗಿಯುವುದನ್ನು ನಿಲ್ಲಿಸಿದರು. “ಮೊದಮೊದಲು ನಂಗೂ ಹಾಗೇ ಅನ್ಸೋದು. ನೀವು ಅಷ್ಟು ಸಲ ಹೇಳಿದ್ಮೇಲೆ, ಇರಬಹುದು, ನನ್ನ ಕೈನೇ ಸರಿ ಇಲ್ಲ ಅಂದ್ಕೊಂಡೆ. ಹಾಗೇ ಅಂದ್ಕೊಂಡು ಅಭ್ಯಾಸ ಆಗೋಯ್ತು.”

ಬೈದಿದ್ದರೆ ಡಾಕ್ಟ್ರಿಗೆ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ.

ನಾಲ್ಕು ಜನರ ಮುಂದೆ ಆಡಿದ ಮಾತನ್ನು ನಾಲ್ಕು ಜನರ ಮುಂದೆಯೇ ತೊಳೆಯಬೇಕೆಂದು ಅವರು ಭಾವಮೈದನನ್ನೂ ಹೊಲಿಗೆ ಅಂಗಡಿಯ ಗೆಳತಿಯರನ್ನೂ ಊಟಕ್ಕೆ ಕರೆದರು. ಬಡಿಸುತ್ತಾ, “ತಪ್ಪು ನಂದು. ಇವಳ ಕೈಗುಣದಲ್ಲಿ ಏನೂ ಕೊರತೆ ಇರ್ಲಿಲ್ಲ. ಓವನ್ ಕೆಟ್ಟಿತ್ತು, ನಾನು ನೋಡ್ಲಿಲ್ಲ” ಎಂದರು.

“ಏನ್ ಭಾವ, ಡಾಕ್ಟ್ರ ಮನೇಲೇ ರೋಗಿ ಅನ್ನಿ!” ಎಂದು ಭಾವಮೈದ ಗೊಳ್ಳೆಂದ. ಗೆಳತಿಯರೂ ನಕ್ಕರು. ಡಾಕ್ಟ್ರ ಬಾಯಿಂದ ಬಂದದ್ದು ತಮಾಷೆಯಲ್ಲದೆ ಇನ್ನೇನು ಎಂದು ಎಲ್ಲರಿಗೂ ಅಷ್ಟು ಖಾತ್ರಿ. “ತಮಾಷೆ ಅಲ್ಲಪ್ಪ” ಎಂದರೆ ಇನ್ನೂ ಜೋರಾಗಿ ನಕ್ಕರು. ಆಕೆ ಮಾತ್ರ ನಗದೆ, ನೀರು ತರುತ್ತೇನೆಂದು ಒಳಗೆ ಹೋದರು.

ಆಮೇಲೂ ರಜೆಯ ದಿನಗಳಲ್ಲಿ ಡಾಕ್ಟ್ರು ಹುರಿಯುತ್ತಲೇ ಇದ್ದಾರೆ. ಬಡಿಸಿದ ಮೇಲೆ ಹೆಂಡತಿಯ ಮುಖವನ್ನೇ ನೋಡುತ್ತಾರೆ. ವಾಸನೆ ಇನ್ನೂ ಬಂದಿಲ್ಲವೆಂದು ಆಕೆ ತಲೆಯಾಡಿಸುತ್ತಾರೆ. ಒಂದು ದಿನ ಮಾತ್ರ ಕಣ್ಣರಳಿಸಿ, “ರೀ, ಇವತ್ತು ಬೆಳ್ಳುಳ್ಳಿ ಘಮ ಸ್ವಲ್ಪ ಬಂದ ಹಾಗಾಯ್ತು” ಎಂದರು.

ಅಂದು ಮನೆಯಲ್ಲಿ ಬೆಳ್ಳುಳ್ಳಿ ಮುಗಿದಿತ್ತು. ಹಾಕಿರಲಿಲ್ಲ.

“ಹೌದಾ,” ಎಂದರು ಡಾಕ್ಟ್ರು. ಇನ್ನೆರಡು ಹೋಳು ಆಕೆಯ ತಟ್ಟೆಗೆ ಹಾಕಿ, ಮುಖ ತಿರುಗಿಸಿಕೊಂಡು ಓವನ್ ಆರಿಸಲು ಎದ್ದರು.