ದೊಡ್ಡ ಟಿ.ವಿ. ಮತ್ತು ನನ್ನ ಕಣ್ಣಿನ ಪರೀಕ್ಷೆ

ನಾನು ಮದುವೆಯಾಗಿ ಹೊಸಪೇಟೆಗೆ ಬಂದ ವರ್ಷವೇ ಮಾವನವರಿಗೆ ದೊಡ್ಡ ಟಿ.ವಿ.ಯ ಹುಚ್ಚು ಹಿಡಿಯಿತು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು. ಸಂಡೂರಿನ ಬೀಗರ ಮನೆಗೆ ಗೋಡೆ ತುಂಬುವಂಥ ಟಿ.ವಿ. ಬಂದಿತ್ತು. ಅದನ್ನು ನೋಡಿ ಬಂದ ಮೇಲೆ ನಮ್ಮ ಮನೆಯದು ಅವರಿಗೆ ಅಂಚೆ ಚೀಟಿಯಷ್ಟು ಕಾಣತೊಡಗಿತು.

ಮಾವ ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುವವರು, ಏನನ್ನೇ ಕೊಳ್ಳಲಿ ತೂಕ ನೋಡಿ ಕೊಳ್ಳುವವರು. ಅಂಗಡಿಯಲ್ಲಿ ಗೋಡೆಗೆ ತೂಗುಹಾಕುವ ತೆಳು ಟಿ.ವಿ.ಗಳೂ ಇದ್ದವಂತೆ. ಅವು ಅವರಿಗೆ ಜೊಳ್ಳು ಭತ್ತದ ಹಾಗೆ ಕಂಡವು. ಬೀರುವಿನಷ್ಟು ದಪ್ಪದ್ದನ್ನು ಆರಿಸಿದರು. ಒಳಗೆ ಮೂರು ಬಣ್ಣದ ಬೆಳಕು ಇರುತ್ತದೆ, ಅದು ಹಿಂದಿನಿಂದ ಬಂದು ಪರದೆಯ ಮೇಲೆ ಚಿತ್ರ ಬೀಳಿಸುತ್ತದೆ ಎಂದು ನನ್ನ ಗಂಡ ವಿವರಿಸಿದರು. ಅತ್ತೆ ಕೇಳಿದ್ದು ಒಂದೇ, ಅದು ತಲಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು. ಹಿಡಿಸಲಿಲ್ಲ. ಕದ ಬಿಚ್ಚಿ ಒಳಗೆ ತಂದರು.

ಅಂಗಡಿಯವನು ಬಂದು ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಗೆರೆಗಳನ್ನು ಮೂಡಿಸಿದ. ಮೂರೂ ಒಂದರ ಮೇಲೊಂದು ಕೂತು ಬಿಳಿಯಾದರೆ ಚಿತ್ರ ಸರಿಯಾದಂತೆ. ಸೋಫಾದಲ್ಲಿದ್ದ ಮಾವ ಮಲ್ಲಿಗೆ ಹೂವಿನಷ್ಟು ಬಿಳಿ ಬಂತೆಂದು ಹಿಗ್ಗಿದರು. ನಮ್ಮ ಮನೆಯಲ್ಲಿ ಹೆಂಗಸರು ಮಾವನೆದುರು ಕುರ್ಚಿ ಹತ್ತುವುದಿಲ್ಲ. ಅತ್ತೆಯೂ ನಾನೂ ಅಡುಗೆಮನೆ ಬಾಗಿಲ ಪಕ್ಕ ನೆಲದ ಮೇಲೆ ಕೂರುತ್ತಿದ್ದೆವು. ಅಲ್ಲಿಂದ ನನಗೆ ಬಿಳಿಯೂ ಇಲ್ಲ, ಮಲ್ಲಿಗೆಯೂ ಇಲ್ಲ. ಕರೆಂಟು ಹೋದ ಕೋಣೆಯಲ್ಲಿ ಯಾರೋ ಮಾತಾಡಿಕೊಂಡ ಹಾಗೆ ಕಾಣುತ್ತಿತ್ತು.

ಸುಮ್ಮನಿರಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ, ಚಿತ್ರ ಮಬ್ಬಾಗಿದೆ ಎಂದುಬಿಟ್ಟೆ. ಗಂಡ ಬೆಳಕು ಹೆಚ್ಚಿಸಿದರು. ಮುಖಗಳಿಗೆಲ್ಲ ಸುಣ್ಣ ಬಳಿದಂತಾಯಿತೆಂದು ಮಾವ ಗದರಿದರು. ತಗ್ಗಿಸಿದರು. ನಾನು ಮತ್ತೆ ಮಬ್ಬು ಎಂದೆ. ಹೀಗೇ ಕೆಲವು ದಿನ ನಡೆಯಿತು. ಅತ್ತೆ ಮಾತ್ರ ಅವರೆಕಾಯಿ ಸುಲಿಯುತ್ತ ತುಟಿ ಬಿಚ್ಚಲಿಲ್ಲ. ಹಾಗಾದರೆ ಅವರಿಗೂ ಚೆನ್ನಾಗಿ ಕಾಣುತ್ತಿದೆಯೇ? ಕೇಳಲು ಧೈರ್ಯ ಬರಲಿಲ್ಲ.

ಒಂದು ಸಂಜೆ ಮಾವ ಬಹಳ ಮೆತ್ತಗೆ ಕೇಳಿದರು: "ಯವ್ವಾ, ಲಗ್ನಕ್ಕ ಮೊದಲ ನಿನಗ ಚಾಳೀಸು ಇತ್ತೇನು?"

ಚಾಳೀಸೆಂದರೆ ಕನ್ನಡಕ. ಕಣ್ಣಿನ ದೋಷ ಮುಚ್ಚಿಟ್ಟು ಮಗಳನ್ನು ಕೊಟ್ಟರು ಎಂಬ ಮಾತು ಇನ್ನು ನನ್ನ ಅಪ್ಪನ ತಲೆಗೆ ಬರುತ್ತದೆ. ಸಿಟ್ಟೂ ಬಂತು, ಅಳುವೂ ಬಂತು. ಗಂಡನೋ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಮರುದಿನವೇ ಡಾಕ್ಟರ ಹತ್ತಿರ ಕರೆದೊಯ್ದರು. ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಓದಿಬಿಟ್ಟೆ. ಕಣ್ಣಿಗೆ ಏನೂ ಆಗಿಲ್ಲ ಎಂದರು. ಅತ್ತ ಟಿ.ವಿ. ಸರಿ, ಇತ್ತ ಕಣ್ಣೂ ಸರಿ, ನಡುವೆ ಕತ್ತಲೆ. ನನಗೆ ತಲೆ ಕೆಟ್ಟಿತೇನೋ ಎಂದೇ ಅನುಮಾನ ಶುರುವಾಯಿತು.

ಆ ಸಂಜೆ ಮಾವನಿಗೆ ಚಹಾ ಕೊಡಲು ಸೋಫಾದ ಹತ್ತಿರ ಬಗ್ಗಿದೆ. ಪಕ್ಕಕ್ಕೆ ತಿರುಗಿದರೆ ಪರದೆ ಝಗಝಗ ಹೊಳೆಯುತ್ತಿದೆ. ಅಂತೂ ಸರಿಹೋಯಿತೆಂದು ಖುಷಿಯಿಂದ ಹೋಗಿ ನೆಲದ ಮೇಲೆ ಕೂತೆ. ಮತ್ತೆ ಕತ್ತಲೆ. ಬಿಸ್ಕತ್ತಿನ ನೆಪದಲ್ಲಿ ಇನ್ನೊಮ್ಮೆ ಹೋಗಿ ಬಗ್ಗಿದೆ. ಬೆಳಕು. ಕೂತೆ. ಕತ್ತಲೆ. ನನ್ನ ಈ ಬಗ್ಗಾಟ ನೋಡಿ ಮಾವನಿಗೆ ಗಾಬರಿಯಾಯಿತು. ಬಳ್ಳಾರಿಯ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ಮಗನಿಗೆ ಹೇಳಿದರು.

ಆಗ ಅತ್ತೆ ಕೈಯಲ್ಲಿದ್ದ ಅವರೆಕಾಯಿ ಬುಟ್ಟಿಗೆ ಹಾಕಿದರು. "ಆಕಿ ಕಣ್ಣಿಗೆ ಏನೂ ಆಗಿಲ್ರಿ. ನನಗೂ ಕರ್ರಗ ಕಾಣತೈತಿ, ತಂದ ದಿನದಿಂದ."

"ಮತ್ತ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರಿ?"

ಮಾವ ಎದ್ದು ಬಂದು, ಮಂಡಿ ಹಿಡಿದುಕೊಂಡು ನಮ್ಮ ಪಕ್ಕದಲ್ಲೇ ನೆಲಕ್ಕೆ ಕೂತರು. ಪರದೆ ನೋಡಿದರು. ಕತ್ತು ಚಾಚಿ ನೋಡಿದರು. ಸೋಫಾ ನೋಡಿದರು. ಆ ಟಿ.ವಿ. ತನ್ನ ಎತ್ತರಕ್ಕೆ ಸರಿಯಾಗಿ, ಎದುರಿಗೆ ಕೂತವರಿಗಷ್ಟೇ ಬೆಳಕು ಕೊಡುವ ಜಾತಿಯದು ಎಂದು ಗಂಡನಿಗೆ ಈಗ ನೆನಪಾಯಿತು. ಅಂಗಡಿಯವನು ಹೇಳಿದ್ದನಂತೆ. ಟಿ.ವಿ.ಯನ್ನು ತಗ್ಗಿಗೆ ಇಳಿಸಿದರೆ ಸೋಫಾದವರಿಗೆ ಕತ್ತಲೆ. ಎತ್ತರದಲ್ಲೇ ಇಟ್ಟರೆ ನಮಗೆ ಕತ್ತಲೆ. ಅಪ್ಪ ಮಗ ಇಬ್ಬರೂ ಇದನ್ನು ಹೊತ್ತು ಮುಳುಗುವವರೆಗೂ ಚರ್ಚಿಸಿದರು.

ಅವರ ಮಾತು ಮುಗಿಯುವ ಲಕ್ಷಣ ಕಾಣದೆ ಅತ್ತೆ ಎದ್ದರು. ಸೆರಗು ತಲೆಯ ಮೇಲೆಳೆದುಕೊಂಡು ನೇರ ಹೋಗಿ ಸೋಫಾದ ಮೇಲೆ ಕೂತರು. ಅಷ್ಟರಲ್ಲಿ ನೆಲದಿಂದೆದ್ದು ಸೋಫಾದ ತಮ್ಮ ಜಾಗಕ್ಕೆ ಮರಳಿದ್ದ ಮಾವ, ಯಾರೋ ದೊಡ್ಡವರು ಬಂದರೇನೋ ಎಂಬಂತೆ ದಡಕ್ಕನೆ ಎದ್ದು ನಿಂತರು. ಹೆಂಡತಿ ಪಕ್ಕದಲ್ಲಿ ಕೂತರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಕೂರಲಾರದೆ, ಹೋಗಲಾರದೆ ಪರದೆ ನೋಡುತ್ತ ನಿಂತೇ ಇದ್ದರು.

ಅತ್ತೆ ಟಿ.ವಿ.ಯಿಂದ ಕಣ್ಣು ಕೀಳದೆ ಹೇಳಿದರು: "ಕುಂದರ್ರಿ. ನಿಂತರೂ ಕಾಣಂಗಿಲ್ಲ ಅದು."

ಮಾವ ಕೂತರು. ನಾನು ಎಲ್ಲಿ ಕೂರಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.