ಎಕ್ಕೆ ಹಾಲು ತಗುಲಿದ ಕಣ್ಣು

ನೋವಿರಲಿಲ್ಲ. ಅದಕ್ಕೇ ನಾನು ಮೋಸಹೋದೆ.

ಮುದ್ದೇಬಿಹಾಳದ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ. ಹಿಮ್ಮಡಿಗೆ ಜಾಲಿಮುಳ್ಳು ನಟ್ಟು ಒಳಗೇ ಮುರಿದಿತ್ತು. ಮನೆಯೊಡತಿ ಶಾಂತವ್ವ ಹಿತ್ತಲಿನ ಎಕ್ಕೆ ಗಿಡದ ಎಲೆ ಮುರಿದು ತಂದಳು. ಪ್ರತಿ ಶನಿವಾರ ಹಣಮಪ್ಪನ ಮಾಲೆಗೆ ಅವಳು ಹೂ ಬಿಡಿಸುತ್ತಿದ್ದುದೂ ಅದೇ ಗಿಡದಿಂದ.

"ಹಾಲ ಹಚ್ಚರಿ ಅಕ್ಕಾರ, ಮುಳ್ಳು ತಾನ ಮ್ಯಾಲ ಬರ್ತೈತಿ. ನಮ್ಮವ್ವನೂ ಇದನ್ನ ಹಚ್ತಿದ್ಲು."

ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಆ ಹಾಲು ವಿಷವೆಂದು ಮಕ್ಕಳಿಗೆ ನೋಟ್ಸ್ ಬರೆಸಿದವಳು. ಆದರೂ ಹಚ್ಚಿಕೊಂಡೆ. ಅದೇ ಕೈಯಿಂದ ಬಲಗಣ್ಣು ಉಜ್ಜಿಕೊಂಡೆ.

ಮರುದಿನ ಕರಿಹಲಗೆಯ ಮೇಲೆ ನಾನೇ ಬರೆದ ಅಕ್ಷರ ನನಗೆ ಕಾಣಲಿಲ್ಲ.

ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿದೆ. ಉಳಿದದ್ದು ಇದೊಂದೇ.

ಬಿಜಾಪುರದ ಡಾಕ್ಟರು ಕಾರ್ನಿಯಾ ಬಾತಿದೆ ಎಂದರು. "ಆ ಹಾಲಿಗೆ ಕಣ್ಣು ಜೋಮು ಹಿಡಿತೈತ್ರಿ. ಅದಕ್ಕ ನೋವು ಗೊತ್ತಾಗಿಲ್ಲ."

"ಮುಳ್ಳಿಗೆ ಅದು ಔಷಧ ಹೌದೇನ್ರಿ?" ಕೇಳಿದೆ.

"ನಂಬಿಕಿ ಭಾಳ ಐತಿ, ಪುರಾವೆ ನಾ ಕಂಡಿಲ್ಲ. ನಿಮ್ಮ ಮುಳ್ಳು ಬಂತೇನು?"

"ಇಲ್ರಿ. ಇನ್ನೂ ಅಲ್ಲೇ ಐತಿ."

ಡಾಕ್ಟರು ನಗಲಿಲ್ಲ. ದೃಷ್ಟಿ ಮರಳಬಹುದು, ಖಾತ್ರಿಯಾಗಿ ಹೇಳಲಾರೆ ಎಂದರು.

ತಾಸಿಗೊಮ್ಮೆ ಸ್ಟೀರಾಯ್ಡ್ ಡ್ರಾಪ್ಸ್. ಗಡಿಯಾರ ಕಾಣದು. ಪಕ್ಕದ ಮನೆಯ ರೇಡಿಯೋ, ಶಾಲೆಯ ಗಂಟೆ ಕೇಳಿ ಹೊತ್ತು ಲೆಕ್ಕ ಹಾಕಿಕೊಳ್ಳುತ್ತಿದ್ದೆ. ಅರ್ಧ ಹನಿ ಕೆನ್ನೆಗೇ ಬೀಳುತ್ತಿತ್ತು. ಹನಿ ಹಾಕಲು ಇನ್ನೊಂದು ಕೈ ಬೇಕು ಎಂಬಷ್ಟು ಸಣ್ಣ ಸಂಗತಿ, ಇಷ್ಟು ವರ್ಷ ಒಂಟಿಯಾಗಿ ಬದುಕಿ ಬೀಗುತ್ತಿದ್ದ ನನ್ನನ್ನು ಕುಗ್ಗಿಸಿಬಿಟ್ಟಿತು. ಅತ್ತರೆ ಔಷಧ ತೊಳೆದುಹೋಗುತ್ತದೆಂದು ಅಳುವುದನ್ನೂ ತಡೆದುಕೊಂಡೆ.

ಶಾಂತವ್ವ ದಿನಾ ಹೊಸ್ತಿಲಲ್ಲಿ ರೊಟ್ಟಿ, ಮಜ್ಜಿಗೆ ಇಟ್ಟು ಮಾತಾಡದೆ ಹೋಗುತ್ತಿದ್ದಳು. ಅವಳ ಕಾಲುಂಗುರದ ಸದ್ದು ಕೇಳುತ್ತಿತ್ತು. ನಾನೂ ಕರೆಯಲಿಲ್ಲ. ಸಿಟ್ಟಿತ್ತು, ಅವಳ ಮೇಲಿದ್ದುದಕ್ಕಿಂತ ನನ್ನ ಮೇಲೇ ಹೆಚ್ಚು.

ಹನ್ನೊಂದನೆಯ ದಿನ ಕಿಟಕಿಯ ಸರಳುಗಳು ಬೇರೆಬೇರೆಯಾಗಿ ಕಂಡವು. ಕಣ್ಣಿನ ಮಂಜು ಪೂರ್ತಿ ಹೋಗಿರಲಿಲ್ಲ. ಆದರೂ ಹಿತ್ತಲು ಕಂಡಿತು.

ಎಕ್ಕೆ ಗಿಡ ಇರಲಿಲ್ಲ.

ಅದಿದ್ದಲ್ಲಿ ಬೇರುಸಹಿತ ಅಗೆದ ತಗ್ಗು. ಪಕ್ಕದಲ್ಲಿ ಶಾಂತವ್ವ ಕಸ ಗುಡಿಸುತ್ತಿದ್ದಳು.

"ಗಿಡ ಯಾಕ ಕಿತ್ತಿ? ಹಣಮಪ್ಪಗ ಹೂ?"

"ಹೂ ಎಲ್ಲ್ಯಾರ ಸಿಗ್ತಾವ್ರಿ. ನಿಮಗ ಮಾರಿ ತೋರ್ಸಾಕ ಅಂಜಿಕಿ ಆಗಿತ್ರಿ, ಅಕ್ಕಾರ."

ಆ ತಾಸಿನ ಹನಿ ಇನ್ನೂ ಹಾಕಿಕೊಂಡಿರಲಿಲ್ಲ. ಬಾಗಿಲು ತೆರೆದು ಬಾಟಲಿ ಅವಳತ್ತ ಚಾಚಿದೆ.

"ಒಳಗ ಬಾರವ್ವ," ಎಂದೆ. "ಮೊದಲ ಕೈ ತೊಳ್ಕೋ."